ಅತ್ತೆ ತಂದ ಐದು ಪೊಟ್ಟಣ ಉಪ್ಪು

ಫೋನು ಬಂದಾಗ ನಾನು ಫ್ರೀಜರಿನಲ್ಲಿ ಕಟ್ಟಿಕೊಂಡಿದ್ದ ಬರ್ಫು ತೆಗೆಯುತ್ತಿದ್ದೆ. ಒಳಗೊಂದು ಬೋಗುಣಿ ಬಿಸಿನೀರು ಇಟ್ಟು, ಕೆಳಗೆ ಹಳೆಯ ಟವೆಲ್ ಹಾಸಿ, ಮರದ ಸೌಟಿನಿಂದ ಕೆರೆಯುತ್ತಿದ್ದೆ. ಬಟಾಣಿ ಚೀಲ, ಕಾಯಿತುರಿ, ಕರಿಬೇವು ಎಲ್ಲ ಸಿಂಕಿನಲ್ಲಿದ್ದವು. ಬೆರಳು ಮರಗಟ್ಟಿದ್ದವು. ಆ ದಿನಗಳಲ್ಲಿ ಬರ್ಫು ಮುಟ್ಟದಿದ್ದರೂ ಹಾಗೆಯೇ ಇರುತ್ತಿದ್ದವು, ಆದ್ದರಿಂದ ಬರ್ಫಿನ ಮೇಲೆ ತಪ್ಪು ಹೊರಿಸುವುದಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಇಂಗ್ಲಿಷರ ನಾಡಿನಲ್ಲಿ, ಹ್ಯಾರೋ ಎಂಬಲ್ಲಿ ನಮ್ಮ ಮನೆ. ನಾನು, ಯಜಮಾನರು, ಐದು ವರ್ಷದ ಮಗಳು. ಯಜಮಾನರಿಗೆ ಹೇಸ್‌ನ ವೇರ್‌ಹೌಸ್ ಒಂದರಲ್ಲಿ ಕೆಲಸ. ಆ ವರ್ಷ ನನ್ನ ಕತ್ತಿನ ಥೈರಾಯಿಡ್ ಗ್ರಂಥಿಯಲ್ಲಿ ಗಂಟು ಕಂಡಿತು. ಅದು ಕ್ಯಾನ್ಸರ್ ಎಂದರು, ಗ್ರಂಥಿಯನ್ನೇ ತೆಗೆದರು. ಎಷ್ಟು ತೆಗೆದರೂ ಒಂದಿಷ್ಟು ಚೂರು ಉಳಿದೇ ಉಳಿಯುತ್ತದಂತೆ. ಅದನ್ನು ಸುಡುವುದಕ್ಕೆ ವಿಕಿರಣ ಸೂಸುವ ಅಯೋಡಿನ್ ನುಂಗಿಸಬೇಕಿತ್ತು. ಆಗ ಮಗುವನ್ನು ನೋಡಿಕೊಳ್ಳಲಿಕ್ಕೆಂದು ಧಾರವಾಡದಿಂದ ಅತ್ತೆ ಬಂದಿದ್ದರು.

ಇದನ್ನೆಲ್ಲ ನನಗೆ ತಿಳಿಸಿ ಹೇಳಿದವಳು ಡಾಕ್ಟರಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಫಿಸಿಕ್ಸಿನವಳು. ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಹೆಂಗಸು. ಆಸ್ಪತ್ರೆಯಲ್ಲಿ ಫಿಸಿಕ್ಸಿಗೆ ಏನು ಕೆಲಸವೋ ನನಗೆ ಗೊತ್ತಿರಲಿಲ್ಲ. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದು ನನ್ನ ಮಾತಿನಲ್ಲಿ ಇಷ್ಟು: ಮೈಯಲ್ಲಿ ಅಯೋಡಿನ್ನಿಗೆ ಬಾಯಿ ಬಿಡುವುದು ಹೆಚ್ಚಾಗಿ ಥೈರಾಯಿಡ್ಡೇ. ಅದನ್ನು ಕೆಲವು ವಾರ ಉಪವಾಸ ಕೆಡವಬೇಕು. ಆಮೇಲೆ ಸುಡುವ ಅಯೋಡಿನ್ ಕೊಟ್ಟರೆ ಹಸಿದದ್ದು ಬಿಡದೆ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡು ತಾನೇ ಸಾಯುತ್ತದೆ. ಏಕಾದಶಿ ಮಾಡುವವಳಿಗೆ ಉಪವಾಸದ ಮಾತು ಬೇಗ ತಿಳಿಯಿತು.

ಪಥ್ಯದ ಕಾಗದ ಕೊಟ್ಟಿದ್ದರು. ಹಾಲು, ಮೊಸರು, ಮೊಟ್ಟೆ, ಮೀನು ಬೇಡ ಎಂದು ದಪ್ಪ ಅಕ್ಷರದಲ್ಲಿತ್ತು. ಅಯೋಡಿನ್ ಬೆರೆಸಿದ ಉಪ್ಪು ಬೇಡ ಎಂಬುದು ತೀರ ಕೆಳಗೆ, ಸಣ್ಣ ಅಕ್ಷರದ ಒಂದು ಸಾಲು. ಇಲ್ಲಿನ ಅಂಗಡಿಯ ಸಾದಾ ಉಪ್ಪಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಅದಕ್ಕೇ ಇರಬೇಕು. ಯಜಮಾನರು ಸೂಪರ್‌ಮಾರ್ಕೆಟ್ಟಿನ ಸಾದಾ ಉಪ್ಪು ತಂದಿಟ್ಟರು, ಕಾಗದವನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ನಾವು ದಪ್ಪ ಅಕ್ಷರ ನೋಡಿಕೊಂಡು ಬದುಕಿದೆವು. ಮೊಸರು ಬಿಡುವುದು ನಮ್ಮಂಥವರಿಗೆ ಸಣ್ಣ ವ್ರತವಲ್ಲ. ಮೊಸರಿಲ್ಲದ ಅನ್ನಕ್ಕೆ ಅತ್ತೆ ಬಂದ ದಿನವೇ ಹಾಕಿದ ನಿಂಬೆ ಉಪ್ಪಿನಕಾಯಿ, ಅವರೇ ಕುಟ್ಟಿದ ಶೇಂಗಾ ಚಟ್ನಿಪುಡಿ ಕಲಸಿಕೊಂಡು ಉಂಡೆ. ಎರಡೂ ಹೊತ್ತು.

ಗ್ರಂಥಿಯ ಬದಲಿಗೆ ನುಂಗುತ್ತಿದ್ದ ಮಾತ್ರೆಯನ್ನೂ ನಿಲ್ಲಿಸಿದ್ದರು. ಮಾತ್ರೆ ನಿಂತ ಮೇಲೆ ಮನುಷ್ಯ ಹೇಗಾಗುತ್ತಾನೆ ಎಂದು ಕಾಗದದಲ್ಲಿ ಬರೆದಿತ್ತು, ಬರೆದಂತೆಯೇ ಆಯಿತು. ಬೇಸಿಗೆಯಲ್ಲೂ ಸ್ವೆಟರು. ನಾಲಿಗೆ ದಪ್ಪ. ಮೆಟ್ಟಿಲು ಹತ್ತಿ ಯಾಕೆ ಹತ್ತಿದೆ ಎಂದು ನಿಂತುಬಿಡುತ್ತಿದ್ದೆ. ದೇವರ ಮುಂದೆ ದೀಪ ಹಚ್ಚಿ, ಹಚ್ಚಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುತ್ತಿದ್ದೆ. ಅಳು ಬರುತ್ತಿರಲಿಲ್ಲ. ಅದನ್ನು ಒಂದು ಪುಣ್ಯವೆಂದೇ ಲೆಕ್ಕ ಹಾಕಿದ್ದೇನೆ, ಮಗುವಿನ ಮುಂದೆ ಅಳಲಿಲ್ಲವಲ್ಲ.

ಫೋನು ಬರುವ ಮೂರು ದಿನ ಮುಂಚೆ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಆಗಿತ್ತು. ಆ ಅಯೋಡಿನ್ನನ್ನೇ ಚಿಟಿಕೆಯಷ್ಟು ಕೊಟ್ಟು, ಮಾರನೆಯ ದಿನ ಕ್ಯಾಮೆರಾದ ಕೆಳಗೆ ಮಲಗಿಸಿದರು. ಎಕ್ಸ್-ರೇಯಲ್ಲಿ ಕಿರಣ ಹೊರಗಿನಿಂದ ಬಂದು ನಮ್ಮನ್ನು ಹಾದುಹೋಗುತ್ತದೆ. ಇದರಲ್ಲಿ ಹಾಗಲ್ಲ. ಕ್ಯಾಮೆರಾ ಸುಮ್ಮನೆ ಕಾಯುತ್ತದೆ. ಕಿರಣ ನನ್ನೊಳಗಿನ ಅಯೋಡಿನ್ನಿನಿಂದ ಹೊರಟು ಅದಕ್ಕೆ ತಾಕಬೇಕು. ಅದಕ್ಕೆ ಗಾಮಾ ಕಿರಣ ಎಂದು ಹೆಸರು. ದೀಪದ ಬೆಳಕು, ರೇಡಿಯೋದ ಅಲೆ, ಅಡುಗೆಮನೆಯ ಮೈಕ್ರೋವೇವು, ಎಲ್ಲ ಒಂದೇ ಮನೆತನದವು, ಇದಕ್ಕೆ ಮಾತ್ರ ಜೋರು ಹೆಚ್ಚು ಎಂದಳು ಫಿಸಿಕ್ಸಿನವಳು. ಆ ದಿನ ಪರದೆಯ ಮೇಲೆ ನನ್ನ ಕತ್ತಿನಲ್ಲಿ ಹೆಚ್ಚುಕಡಿಮೆ ಏನೂ ಕಾಣಲಿಲ್ಲ.

"ಏನೂ ಕಾಣವಲ್ದು ಅಂದ್ರ ಏನೂ ಉಳಿದಿಲ್ಲಂತ ಅರ್ಥ," ಎಂದರು ಯಜಮಾನರು ಕಾರಿನಲ್ಲಿ. ಅತ್ತೆ ದೇವರಿಗೆ ಕಾಯಿ ಒಡೆದರು. ನಾನೂ ಕೈಮುಗಿದೆ. ಸಂತೋಷ ಆಗಬೇಕು ಎಂದು ಗೊತ್ತಿತ್ತು.

ಫೋನು ಆಕೆಯದೇ. ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ರಿಸೀವರ್ ಹಿಡಿದೆ.

"ನಿಮ್ಮ ಚಿತ್ರ ಮತ್ತೆ ನೋಡಿದೆವು. ಇಷ್ಟು ಖಾಲಿ ಇರುವುದು ನನಗೆ ಸರಿ ಅನಿಸುತ್ತಿಲ್ಲ. ಮೂತ್ರದ ಪರೀಕ್ಷೆಯಲ್ಲಿ ಅಯೋಡಿನ್ ಬಹಳ ಇದೆ. ಹಾಲು ಕುಡಿದಿರಾ?"

"ಇಲ್ಲ. ಒಂದು ತೊಟ್ಟೂ ಇಲ್ಲ."

"ಯಾವ ಉಪ್ಪು?"

"ಸೂಪರ್‌ಮಾರ್ಕೆಟ್ಟಿನದು."

"ಒಮ್ಮೆ ಹೋಗಿ ನೋಡಿ ಬನ್ನಿ. ನಾನು ಕಾಯುತ್ತೇನೆ."

ನೋಡಿದೆ. ಸೂಪರ್‌ಮಾರ್ಕೆಟ್ಟಿನ ಪೊಟ್ಟಣ ಕಪಾಟಿನ ಹಿಂದೆ ಬಾಯಿ ಒಡೆಯದೆ ಕೂತಿತ್ತು. ಒಲೆಯ ಪಕ್ಕದ ಸ್ಟೀಲ್ ಡಬ್ಬಿ ಮಾತ್ರ ಕಂಠಮಟ ತುಂಬಿತ್ತು. ಅತ್ತೆ ಅಲ್ಲಿಯೇ ನಿಂತು ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದರು.

"ಅತ್ತಿ, ಈ ಡಬ್ಬಿಯೊಳಗಿಂದು ಯಾವ ಉಪ್ಪು?"

"ಯಾವುದಂದ್ರ? ನಾ ತಂದದ್ದವಾ," ಎಂದರು, ತಲೆ ಎತ್ತದೆ, ಸ್ವಲ್ಪ ಹೆಮ್ಮೆಯಿಂದ. "ನಿನಗ ಗಂಟಲಾಗ ಗಡ್ಡಿ ಆಗ್ಯದ ಅಂತ ತಿಳಿದ ಮ್ಯಾಲೆ ಅಂಗನವಾಡಿ ಬಾಯಾರನ್ನ ಕೇಳಿದೆ. ಅಯೋಡಿನ್ ಉಪ್ಪು ತಿಂದ್ರ ಗಂಟಲ ಗಡ್ಡಿ ಬರೂದಿಲ್ಲ ಅಂತ ಅವರು ಓಣಿ ತುಂಬ ಹೇಳ್ಕೋತ ಅಡ್ಡಾಡ್ತಾರ. ಇಲ್ಲೆ ಸಿಗ್ತದೋ ಇಲ್ಲೋ ಅಂತ ಐದು ಪಾಕೀಟ ಹಾಕ್ಕೊಂಡು ಬಂದೆ. ವಜ್ಜ ಆಗ್ತದಂತ ಪೆಟಗ್ಯಾಗಿಂದ ಎರಡು ಸೀರಿ ತಗದಿಟ್ಟೆ."

ನಾನು ಫೋನಿಗೆ ಹೋಗಿ ಹೇಳಿದೆ. ಆ ಕಡೆ ಆಕೆ ಬೈಯಲಿಲ್ಲ. ಹಾಗಾದರೆ ಹೊಟ್ಟೆ ತುಂಬಿದವರ ಮುಂದೆ ಎಲೆ ಹಾಕಿದಂತಾಗಿದೆ, ಉಳಿದ ಥೈರಾಯಿಡ್ ಚೂರು ಇದ್ದರೂ ಹಿಡಿದುಕೊಂಡಿಲ್ಲ, ಆದ್ದರಿಂದ ಚಿತ್ರದಲ್ಲಿ ಕಂಡಿಲ್ಲ ಎಂಬ ಅರ್ಥದ ಮಾತು ಹೇಳಿದಳು. ಸೋಮವಾರ ಆಗಬೇಕಿದ್ದ ಚಿಕಿತ್ಸೆ ಇಲ್ಲ. ಇನ್ನೂ ಮೂರು ವಾರ ಮಾತ್ರೆ ಇಲ್ಲದೆ, ಸರಿಯಾದ ಪಥ್ಯದಲ್ಲಿ ಇರಬೇಕು. ಅಯೋಡಿನ್ ಆಗಲೂ ಹಿಡಿಯದಿದ್ದರೆ? ರೋಗ ಬೇರೆ ಎಲ್ಲಾದರೂ ಹಬ್ಬಿದ್ದರೆ? ಎಂದು ಕೇಳಿದೆ. ಅದು ಆಮೇಲೆ ಬರುವ ಚಿತ್ರದಲ್ಲಿ ತಿಳಿಯುತ್ತದೆ ಎಂದಳು.

ಸಿಟ್ಟು ಬರಲಿಲ್ಲ. ಬರುವಷ್ಟು ಜೀವ ನನ್ನಲ್ಲಿರಲಿಲ್ಲ. ಆ ಹೊತ್ತಿಗೆ ಮಗಳು ಶಾಲೆಯಲ್ಲಿದ್ದಳು, ಅದೊಂದು ಪುಣ್ಯ. ಫ್ರೀಜರಿನಲ್ಲಿ ನೀರು ತಣ್ಣಗಾಗಿತ್ತು. ಬೇರೆ ಬಿಸಿನೀರು ಇಟ್ಟೆ. ಅತ್ತೆಗೆ ಏನೂ ಹೇಳಲಿಲ್ಲ, ಪಲ್ಯಕ್ಕೆ ಉಪ್ಪು ಹಾಕುವ ಮುಂಚೆ ನನ್ನ ಪಾಲು ತೆಗೆದಿಡಿ ಎಂದೆ, ಅಷ್ಟೇ.

ಸಂಜೆ ಯಜಮಾನರು ಬಂದು ನನ್ನಿಂದ ವಿಷಯ ತಿಳಿದವರೇ ತಾಯಿಗೆ ಹೇಳಿಬಿಟ್ಟರು.

"ಅವ್ವಾ, ಆ ಉಪ್ಪಿನಿಂದನ ಎಲ್ಲಾ ಕೆಟ್ಟದ. ಬ್ಯಾಡ ಅಂತ ಬರದು ಹಚ್ಚಿಲ್ಲೇನು ಅಲ್ಲಿ?"

"ಯಾರಿಗೆ ಹಚ್ಚೀಯಪಾ? ಇಂಗ್ಲಿಷಿನ್ಯಾಗ ಬರದು ಫ್ರಿಜ್ಜಿಗೆ ಹಚ್ಚೀದಿ. ನನಗಂತೂ ಓದಲಿಕ್ಕೆ ಬರೂದಿಲ್ಲ. ಫ್ರಿಜ್ಜಿಗೆ ಬರ್ತದೇನು?"

ಮರುದಿನ ಅತ್ತೆ ಸ್ನಾನ ಮಾಡಿ ಬಂದು, ಉಳಿದ ಪೊಟ್ಟಣಗಳನ್ನೂ ಡಬ್ಬಿಯನ್ನೂ ಸಿಂಕಿನ ಹತ್ತಿರ ಇಟ್ಟುಕೊಂಡರು. ಉಪ್ಪು ಲಕ್ಷ್ಮಿ. ಅದನ್ನು ಕಸದಬುಟ್ಟಿಗೆ ಹಾಕಬಾರದು, ಕಾಲಿಗೆ ಸಿಗುವಲ್ಲಿ ಚೆಲ್ಲಬಾರದು, ಹರಿಯುವ ನೀರಿಗೆ ಬಿಡಬೇಕು. "ಇಲ್ಲೆ ಹರಿಯೂ ನೀರು ಅಂದ್ರ ಇದೊಂದ," ಎಂದು ನಲ್ಲಿ ತಿರುಗಿಸಿ, ಒಂದೊಂದೇ ಮುಷ್ಟಿ ಬಿಟ್ಟು, ಕರಗಿದ ಮೇಲೆ ಇನ್ನೊಂದು ಮುಷ್ಟಿ. ಉಪ್ಪಿನಕಾಯಿಯ ಜಾಡಿ ನೆರೆಮನೆಗೆ ಹೋಯಿತು. ಆ ಮೂರು ವಾರ ಅತ್ತೆ ತಮ್ಮ ಊಟಕ್ಕೆ ಉಪ್ಪು ಹಾಕಿಕೊಳ್ಳಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಮೂರು ವಾರದ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ದಿನ ಬಂತು, ಹೋಯಿತು. ಕೂದಲು ಉದುರಿತು. ಈ ಬಾರಿಯ ಮೂತ್ರದ ಪರೀಕ್ಷೆಯಲ್ಲಿ ಅಯೋಡಿನ್ ಇಳಿದಿದೆ ಎಂದರು.

ಆಸ್ಪತ್ರೆಯಲ್ಲಿ ಆ ಕೋಣೆಯ ಗೋಡೆಗೂ ಬಾಗಿಲಿಗೂ ಒಳಗೆ ಸೀಸ ಹಾಕಿದ್ದರು. ಗುಳಿಗೆಯನ್ನು ದಪ್ಪ ಸೀಸದ ಪಾತ್ರೆಯಲ್ಲಿ ತಳ್ಳುಗಾಡಿಯ ಮೇಲೆ ತಂದರು, ನಮ್ಮ ಕಡೆ ಉತ್ಸವಮೂರ್ತಿಯನ್ನು ತರುವ ಹಾಗೆ ನಿಧಾನಕ್ಕೆ. ಒಳಗಿದ್ದದ್ದು ಜ್ವರದ ಗುಳಿಗೆಯಷ್ಟೇ. ದೇವರ ಹೆಸರು ಹೇಳಿ ನುಂಗಿದೆ. ಅಲ್ಲಿಂದ ಮುಂದೆ ನನ್ನ ಹತ್ತಿರ ಯಾರೂ ನಿಲ್ಲಲಿಲ್ಲ. ಫಿಸಿಕ್ಸಿನವಳು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು ಟಿಕಟಿಕ ಎನ್ನುವ ಯಂತ್ರ ಹಿಡಿದು ನನ್ನನ್ನು ಅಳೆಯುತ್ತಿದ್ದಳು. ಎಂಟು ದಿನಕ್ಕೆ ಈ ಅಯೋಡಿನ್ ಅರ್ಧ ಆಗುತ್ತದೆ, ಮತ್ತೆ ಎಂಟು ದಿನಕ್ಕೆ ಆ ಅರ್ಧದ ಅರ್ಧ, ಅವಸರ ಮಾಡಿದರೂ ಅದು ಕೇಳುವುದಿಲ್ಲ ಎಂದಳು. ಮೈಯಿಂದ ಬೇಗ ಹೊರಗೆ ಹೋಗಲೆಂದು ನೀರು ಮಾತ್ರ ಬಹಳ ಕುಡಿಸಿದರು. ಆ ಕೋಣೆಗೆ ಕಿಟಕಿ ಇತ್ತು, ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತಿತ್ತು. ಅದೂ ಒಂದು ಪುಣ್ಯವೇ. ಜಪ ಮಾಡುತ್ತ ಬಸ್ಸು ನೋಡಿದೆ. ಜಪದ ಲೆಕ್ಕ ತಪ್ಪಿತು, ಬಸ್ಸಿನದು ತಪ್ಪಲಿಲ್ಲ.

ಬಿಡುವ ದಿನ ಮತ್ತೆ ಆ ಕ್ಯಾಮೆರಾ. ಈ ಸಲ ಚಿತ್ರವನ್ನು ನನಗೆ ತೋರಿಸಲಿಲ್ಲ. ಕತ್ತಿನಲ್ಲಿ ಮಾತ್ರ ಹಿಡಿದಿದ್ದರೆ ಒಳ್ಳೆಯದು. ಪುಪ್ಪುಸದಲ್ಲೋ ಎಲುಬಿನಲ್ಲೋ ಹಿಡಿದಿದ್ದರೆ ರೋಗ ಅಲ್ಲಿಗೆ ಹೋಗಿದೆ ಎಂದರ್ಥ. ಡಾಕ್ಟರು ನೋಡಿ ಆಮೇಲೆ ತಿಳಿಸುತ್ತಾರೆ ಎಂದರು. ಮಾತ್ರೆ ಮತ್ತೆ ಶುರುವಾಯಿತು. ಮನೆಗೆ ಹೋಗುವಾಗ ಇನ್ನೊಂದು ಕಾಗದ: ತಟ್ಟೆ ಲೋಟ ಬೇರೆ, ಟವೆಲ್ ಬೇರೆ, ಹಾಸಿಗೆ ಬೇರೆ, ಬಟ್ಟೆ ಬೇರೆಯೇ ಒಗೆಯಬೇಕು, ಇಪ್ಪತ್ತೊಂದು ದಿನ ಮಗುವನ್ನು ಮಡಿಲಿಗೆ ಕೂಡಿಸಿಕೊಳ್ಳಬಾರದು.

ಈ ಬಾರಿ ಯಜಮಾನರು ಕಾಗದವನ್ನು ಫ್ರಿಜ್ಜಿಗೆ ಅಂಟಿಸಲಿಲ್ಲ. ತಾಯಿಯ ಮುಂದೆ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದರು. ಅತ್ತೆ ಪೂರ್ತಿ ಕೇಳಿ, "ಇಷ್ಟ ಹೌದಲ್ಲೋ? ತಿಂಗಳಾ ಮೂರು ದಿನ ಹೊರಗ ಕೂತವರಿಗೆ ಇದನ್ನ ಕಲಿಸಬೇಕೇನು?" ಎಂದರು. "ಇದು ಸ್ನಾನಕ್ಕ ಹೋಗೂ ಮೈಲಿಗಿ ಅಲ್ಲ ಅಷ್ಟ. ಎಣಿಸಿ ಕಳೀಬೇಕು." ನನ್ನ ಬಟ್ಟೆ, ಹೊದಿಕೆಗಳನ್ನು ಕಪ್ಪು ಚೀಲದಲ್ಲಿ ಕಟ್ಟಿ ಹಿತ್ತಲಿನ ಶೆಡ್ಡಿನಲ್ಲಿಟ್ಟರು. ಅಷ್ಟೊಂದು ಕಾಗದದಲ್ಲಿ ಇರಲಿಲ್ಲ, ಬೇರೆ ಒಗೆದರೆ ಸಾಕಿತ್ತು. ಆದರೂ ಅತ್ತೆ ಕೇಳಲಿಲ್ಲ, ಕ್ಯಾಲೆಂಡರಿನಲ್ಲಿ ಎಂಟೆಂಟು ದಿನಕ್ಕೆ ಕುಂಕುಮದ ಬೊಟ್ಟಿಟ್ಟರು.

ನಾನು ಮೇಲಿನ ಕೋಣೆಯಲ್ಲಿ. ಎರಡರಷ್ಟು ದೂರ ಕೂತರೆ ಬೀಳುವ ಕಿರಣ ಅರ್ಧವಲ್ಲ, ಕಾಲು ಭಾಗವಾಗುತ್ತದೆ, ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಪಾಲು ಎಂದು ಫಿಸಿಕ್ಸಿನವಳು ಹೇಳಿದ್ದಳು, ದೀಪದ ಬೆಳಕು ದೂರಕ್ಕೆ ತೆಳ್ಳಗಾಗುವ ಹಾಗೆ. ಶಾಲೆಯಿಂದ ಬಂದ ಮೇಲೆ ಮಗಳು ಮೆಟ್ಟಿಲಿನ ಕೆಳಗೆ ಕೂಡುತ್ತಿದ್ದಳು, ನಾನು ಮೇಲೆ. ನಡುವೆ ಹದಿಮೂರು ಮೆಟ್ಟಿಲು.

"ಮಮ್ಮಿ, ಆರ್ ಯು ಸ್ಟಿಲ್ ಶೈನಿಂಗ್?"

"ಏನಂತದು?" ಎಂದು ಅಡುಗೆಮನೆಯಿಂದ ಅತ್ತೆ.

"ಇನ್ನೂ ಹೊಳೀಲಿಕ್ಕತ್ತೀ ಏನು ಅಂತ ಕೇಳ್ತಾಳ."

"ಹೊಳೀಲಿ ಬಿಡು. ಕರೆಂಟ ಉಳೀತದ."

ಮಗಳು ಎರಡು ಮೆಟ್ಟಿಲು ಹತ್ತಿ ನನ್ನ ಮುಖ ನೋಡುತ್ತಿದ್ದಳು. ಇಳಿ ಎಂದರೆ ಇಳಿಯುತ್ತಿದ್ದಳು. ಮೊದಮೊದಲು ಅಳುತ್ತ, ಆಮೇಲೆ ಅಳದೆ. ಅಳದೆ ಇಳಿದ ದಿನ ನನಗೆ ಏನಾಗಬೇಕಿತ್ತೋ ಅದು ಆಗಲಿಲ್ಲ. ಸುಮ್ಮನೆ ನೋಡುತ್ತಿದ್ದೆ.

ಎರಡನೆಯ ಬೊಟ್ಟಿನ ಮಾರನೆಯ ದಿನ ಊಟದ ಹೊತ್ತಿಗೆ ಫೋನು ಬಂತು. ಅತ್ತೆ ರಿಸೀವರ್ ಎತ್ತಿ, ಇಂಗ್ಲಿಷ್ ಕೇಳಿದವರೇ ಅದನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದರು. ನಾನು ಇಳಿದು ಬಂದು ತೆಗೆದುಕೊಂಡೆ.

"ಕತ್ತಿನಲ್ಲಿ ಚೆನ್ನಾಗಿ ಹಿಡಿದಿದೆ," ಎಂದಳು ಫಿಸಿಕ್ಸಿನವಳು. "ಎಲ್ಲಿ ಹಿಡಿಯಬೇಕಿತ್ತೋ ಅಲ್ಲಿ. ಪುಪ್ಪುಸದಲ್ಲಿ, ಎಲುಬಿನಲ್ಲಿ ಏನೂ ಇಲ್ಲ. ಈ ಬಾರಿ ಏನೂ ಇಲ್ಲ ಎಂದರೆ ನಿಜವಾಗಿ ಇಲ್ಲ."

ಥ್ಯಾಂಕ್ಯೂ ಎಂದೆ. ಆ ಸಾದಾ ಉಪ್ಪನ್ನೇ ಇನ್ನು ಮುಂದೆಯೂ ತಿನ್ನಬೇಕೇ ಎಂದು ಕೇಳಿದೆ. ಬೇಡ, ಯಾವುದಾದರೂ ತಿನ್ನಿ ಎಂದು ಆಕೆ ನಕ್ಕಳು.

ಅತ್ತೆ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದರು. "ಏನಂದ್ರವಾ?"

"ಹಿಡದದಂತ, ಅತ್ತಿ. ಕುತ್ತಿಗ್ಯಾಗ ಅಷ್ಟ. ಬ್ಯಾರೆ ಎಲ್ಲೂ ಇಲ್ಲಂತ."

ಅವರು ದೇವರ ಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಒಲೆಯ ಪಕ್ಕದ ಡಬ್ಬಿಯಿಂದ ಚಿಟಿಕೆ ಉಪ್ಪು ತೆಗೆದು, ತಮ್ಮ ತಟ್ಟೆಯ ಅನ್ನದ ಬದಿಗೆ ಹಾಕಿಕೊಂಡರು. ಮೂರು ವಾರವಲ್ಲ, ಆ ದಿನದವರೆಗೂ ಅವರು ಉಪ್ಪಿಲ್ಲದೆ ಉಂಡಿದ್ದರು ಎಂದು ನನಗೆ ಆಗ ತಿಳಿಯಿತು.

ಕುತ್ತಿಗೆ ತಡವಿಕೊಂಡೆ. ಸಂತೋಷ ಆಮೇಲೆ ಬಂದೀತು, ಮಾತ್ರೆ ಶುರುವಾಗಿದೆಯಲ್ಲ ಎಂದುಕೊಂಡೆ. ಮಗಳು ಬರುವುದಕ್ಕೆ ಇನ್ನೂ ಹೊತ್ತಿತ್ತು. ಅವಳು ಮಡಿಲಿಗೆ ಬರುವುದಕ್ಕೆ ಕಾಗದದ ಪ್ರಕಾರ ಇನ್ನೂ ಐದು ದಿನ. ಹಿತ್ತಲಿಗೆ ಹೋಗಿ, ಶೆಡ್ಡಿನಿಂದ ಕಪ್ಪು ಚೀಲ ತಂದು, ಗಂಟು ಬಿಚ್ಚಿ, ಹೊದಿಕೆಗಳನ್ನು ವಾಷಿಂಗ್ ಮಷೀನಿಗೆ ತುಂಬಿದೆ. ಪುಡಿ ಹಾಕಿದೆ. ಒಮ್ಮೆ ಒಗೆದ ಮೇಲೆ ಇನ್ನೊಮ್ಮೆ ಒಗೆ ಎಂದು ಅತ್ತೆ ಒಳಗಿನಿಂದ ಹೇಳಿದರು. ಹೂಂ ಎಂದು ಗುಂಡಿ ತಿರುಗಿಸಿದೆ.