ಬುರ್ಲಿ ಬೆಂದ ವಾಸನೆ

ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಗಳಿವೆ. ಅಂಥ ಕಡೆ ನನ್ನ ಅವ್ವ ವರ್ಷಗಟ್ಟಲೆ ಭಾನುವಾರ ಬಂದರೆ ಸಾಕು, ಗ್ಯಾಲರಿಯಲ್ಲಿ ಕೂತು ಹಕ್ಕಿ ಬೇಯಿಸಿದಳು. ಒಬ್ಬರ ಮೂಗಿಗೂ ಸುಳಿವು ಹತ್ತಲಿಲ್ಲ. ಗಡಿಗೆಗೆ ಮುಚ್ಚಳ ಹಾಕಿ, ಸುತ್ತ ಗೋಧಿಹಿಟ್ಟಿನ ಕಣಕವನ್ನು ಹಗ್ಗದಂತೆ ಹೊಸೆದು ಮೆತ್ತಿಬಿಟ್ಟರೆ ಒಳಗಿನ ಉಗಿ ಒಳಗೇ ಇರುತ್ತಿತ್ತು. ಮೇಲಿನ ಮಹಡಿಯವರು ಜಪ ಮಾಡಿಕೊಂಡು ಸುಖವಾಗಿದ್ದರು, ನಾವು ಉಂಡು ಸುಖವಾಗಿದ್ದೆವು.

ಆ ಹಕ್ಕಿಗೆ ಅವ್ವ ಬುರ್ಲಿ ಎನ್ನುತ್ತಾಳೆ. ಓದಿದವರು ಲಾವಕ್ಕಿ ಎನ್ನುತ್ತಾರೆ, ಮುಂಬಯಿಯ ಪೇಟೆಯಲ್ಲಿ ಬಟೇರ್ ಎಂದು ಕೇಳಬೇಕು. ಮುಷ್ಟಿಯೊಳಗೆ ಹಿಡಿಯುವಷ್ಟು ಮೈ. ಬೆಳಗಾವಿ ಕಡೆಯ ಅವ್ವನ ತವರಿನಲ್ಲಿ ಜೋಳ ಕೊಯ್ದ ಹೊಲಕ್ಕೆ ಅವು ಹಿಂಡುಗಟ್ಟಿ ಇಳಿಯುತ್ತಿದ್ದವಂತೆ, ನನ್ನ ಅಜ್ಜ ಬಲೆ ಒಡ್ಡುತ್ತಿದ್ದನಂತೆ. ಈಗ ಕಾಡುಹಕ್ಕಿ ಹಿಡಿದರೆ ಅಪರಾಧ, ಹಿಡಿಯಲೂಬಾರದು. ನಾವು ತರುವುದು ಕೋಳಿಯ ಹಾಗೆ ಸಾಕಿದ ಹಕ್ಕಿ.

ನಾನು ಮೊದಲು ಬುರ್ಲಿ ತಿಂದದ್ದು ಪರೇಲಿನ ಚಾಳಿನಲ್ಲಿ. ಅಪ್ಪ ಮಿಲ್ಲಿನಲ್ಲಿದ್ದ. ಸೋದರಮಾವ ರಾತ್ರಿ ಬಸ್ಸು ಹತ್ತಿ ಬರುವಾಗ ಹಕ್ಕಿಗಳಿಗೆ ಅರಿಶಿನ ಉಪ್ಪು ತಿಕ್ಕಿ, ಕೆಂಡದ ಮೇಲೆ ಹೊಗೆಯಾಡಿಸಿ, ಎಲೆಯಲ್ಲಿ ಸುತ್ತಿ ತರುತ್ತಿದ್ದ. ಅವ್ವ ಗ್ಯಾಲರಿಯಲ್ಲಿ ಇದ್ದಿಲಿನ ಶೇಗಡಿ ಹೊತ್ತಿಸುತ್ತಿದ್ದಳು. ಹಸಿ ಉಳ್ಳಾಗಡ್ಡಿ, ಒಣಕೊಬ್ಬರಿ, ಗಸಗಸೆ, ಎಳ್ಳು, ಬೆಳ್ಳುಳ್ಳಿ, ನಾಲ್ಕು ಲವಂಗ, ಮನೆಯ ಖಾರ. ಎಲ್ಲ ಅರೆದು ಹಕ್ಕಿಗೆ ಬಳಿದು, ಗಡಿಗೆಗಿಳಿಸಿ, ಕಣಕ ಮೆತ್ತಿ, ಸಣ್ಣ ಕೆಂಡದ ಮೇಲಿಟ್ಟು ಮರೆತವಳಂತೆ ಕೂರುತ್ತಿದ್ದಳು. ಚಾಳಿನಲ್ಲಿ ಯಾರಿಗೂ ಹೆದರಬೇಕಿರಲಿಲ್ಲ. ಪಕ್ಕದ ಕೊಂಕಣದವರ ಮನೆಯಲ್ಲಿ ದಿನಾ ಮೀನು, ಎದುರಿನವರಲ್ಲಿ ಸುಕ್ಕಾ ಬೊಂಬಿಲ ಎಂಬ ಒಣಮೀನು. ಹಾಗಿದ್ದೂ ಅವ್ವ ಕಣಕ ಮೆತ್ತುತ್ತಿದ್ದಳು, ಏಕೆಂದರೆ ಅದೇ ಪದ್ಧತಿ.

"ಯವ್ವಾ, ಆತೇನ?" ಎಂದು ನಾನು ಸುತ್ತುತ್ತಿದ್ದೆ.

"ತಾಳಿದವನು ಬಾಳಿಯಾನು, ಸುಮ್ಮ ಕೂಡು. ಹೊಲದಾಗ ಓಡ್ಯಾಡಿದ ಹಕ್ಕಿ ಅದು. ಕಾಲಾಗ ಬರೇ ನರ, ಮೈಯಾಗ ಒಂದ ಹನಿ ಕೊಬ್ಬಿಲ್ಲ. ಜೋರ ಉರಿ ಇಟ್ಟರ ನಾರ ಆಕ್ಕೈತಿ, ಕಟ್ಟಿಗಿ ಅಗದಂಗ ಅಗೀಬೇಕು."

ಈಗ ಯಾವ ಡಾಕ್ಟರನ್ನು ಕೇಳಿದರೂ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ. ಕೊಬ್ಬು ಕಡಿಮೆ, ಪ್ರೋಟೀನ್ ಹೆಚ್ಚು, ರಕ್ತಕ್ಕೆ ಬೇಕಾದ ಕಬ್ಬಿಣ ಇದೆ, ನಿಧಾನವಾಗಿ ಬೇಯಿಸಿದರೆ ಎಲುಬಿನ ಸತ್ವವೂ ಸಾರಿಗೆ ಇಳಿಯುತ್ತದೆ ಎಂದು. ಅವ್ವನ ಲೆಕ್ಕ ಇನ್ನೂ ಸರಳ. ಕಾಳು ತಿಂದ ಹಕ್ಕಿಯಲ್ಲಿ ಹೊಲದ ಕಸುವು ಇರುತ್ತದೆ, ಆದರೆ ಮೈಗೆ ಉಷ್ಣ, ಆದ್ದರಿಂದ ರೊಟ್ಟಿಗೆ ಬೆಣ್ಣೆ ಇರಲೇಬೇಕು. ಬಾಣಂತಿಗೆ, ಜ್ವರದಿಂದ ಎದ್ದವರಿಗೆ, ಹೊಸದಾಗಿ ಮಿಲ್ಲಿಗೆ ಸೇರಿ ಸೊರಗಿದ ಊರ ಹುಡುಗರಿಗೆ, ಎಲ್ಲರಿಗೂ ಒಂದೇ ಮದ್ದು.

ಕಣಕ ಮೆತ್ತಿದ ಗಡಿಗೆಯನ್ನು ನಡುವೆ ತೆರೆದು ನೋಡುವಂತಿಲ್ಲ. ತೆರೆದರೆ ಉಗಿ ಹೋಯಿತು, ಕೆಲಸ ಕೆಟ್ಟಿತು. ಹಾಗಾದರೆ ಬೆಂದದ್ದು ತಿಳಿಯುವುದು ಹೇಗೆ? ಬಿಸಿಗೆ ಕಣಕ ಒಣಗಿ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರಿಯುತ್ತದೆ. ಅವ್ವ ಆ ಬಿರುಕಿಗೆ ಮೂಗು ತಂದು, ಕಣ್ಣು ಮುಚ್ಚಿ, ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. "ಇನ್ನೂ ಹಸಿ ಉಳ್ಳಾಗಡ್ಡಿ ನಾರತೈತಿ" ಅಥವಾ "ಲವಂಗ ಮ್ಯಾಲ ಬಂತು, ಇಳಸ್ರಿ." ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. ಅವಳ ಅಡುಗೆಯೆಲ್ಲ ಮೂಗಿನ ತುದಿಯಲ್ಲಿತ್ತು.

ಆಮೇಲೆ ನಾನು ಆಫೀಸಿನಲ್ಲಿ ಜೊತೆಗಿದ್ದ ಗುಜರಾತಿ ಹುಡುಗಿಯನ್ನು ಮದುವೆಯಾದೆ. ಅವ್ವ ಮೊದಲು ಕೇಳಿದ್ದು, "ಮೊಟ್ಟಿ ಆದ್ರೂ ತಿಂತಾಳೇನು?" ಎಂದು. ತಿನ್ನುವುದಿಲ್ಲ ಎಂದೆ. ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಘಾಟ್ಕೋಪರಿಗೆ ಮನೆ ಬದಲಿಸಿದಾಗ ಇಬ್ಬರೂ ತಾವೇ ಒಂದು ಒಪ್ಪಂದಕ್ಕೆ ಬಂದರು. ಒಳಗಿನ ಗ್ಯಾಸು ಸೊಸೆಯದು, ಗ್ಯಾಲರಿಯ ಸಣ್ಣ ಒಲೆ ಅತ್ತೆಯದು. ಪಾತ್ರೆ ಬೇರೆ, ಸೌಟು ಬೇರೆ, ತಿಕ್ಕುವ ನಾರೂ ಬೇರೆ. ಅವ್ವ ಒಲೆ ಹಚ್ಚಿದಳೆಂದರೆ ನನ್ನ ಹೆಂಡತಿ ನಡುವಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೋಪವಿರಲಿಲ್ಲ, ಆದರೆ ಆ ಬಾಗಿಲು ಇತ್ತು. ನಾನು ಎರಡೂ ಕಡೆ ಉಂಡು ಮೈ ಬೆಳೆಸಿದೆ.

ನಮ್ಮ ಮಗಳು ಹುಟ್ಟಿದಾಗ ಅವ್ವ ಬಾಣಂತಿಗೆಂದು ಬುರ್ಲಿಯ ಸಾರು ಮಾಡಿ ಬಟ್ಟಲು ಹಿಡಿದು ಬಂದಿದ್ದಳು. ನನ್ನ ಹೆಂಡತಿ ಕೈ ಮುಗಿದು ಬೇಡವೆಂದಳು. ಅವ್ವ ಬಟ್ಟಲನ್ನು ನನ್ನ ಕೈಗಿಟ್ಟು ತಿರುಗಿ ಹೋದಳು. ಆ ಬಟ್ಟಲಿನ ಸಾರನ್ನು ನಾನೇ ಕುಡಿದೆ. ಅಷ್ಟು ರುಚಿಯಾದ ಸಾರು ಅಷ್ಟು ಕಷ್ಟಪಟ್ಟು ನುಂಗಿದ್ದು ಅದೊಂದೇ ಸಲ.

ಕೊರೋನಾ ಬಂದ ಕಾಲದಲ್ಲಿ ಅವ್ವನಿಗೂ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನು ಕಟ್ಟಿಕೊಂಡು ಹೋಯಿತು. ಎಲ್ಲರಿಗೂ ಸ್ವಲ್ಪ ದಿನಕ್ಕೆ ತಿರುಗಿ ಬಂದಂತೆ ಇವಳಿಗೂ ಬರುತ್ತದೆಂದು ಕಾದೆವು, ಬರಲಿಲ್ಲ. ಅವಳು ನಮಗೆ ಪೂರ್ತಿ ಹೇಳಲೂ ಇಲ್ಲ. ಕೇಳಿದರೆ "ಬರಾಕತ್ತೈತಿ" ಎನ್ನುತ್ತಿದ್ದಳು.

ಒಂದು ಭಾನುವಾರ ನಾನೂ ಹೆಂಡತಿಯೂ ಸಾಮಾನು ತರಲು ಮಾಟುಂಗಕ್ಕೆ ಹೋಗಿದ್ದೆವು. ತಿರುಗಿ ಬಂದಾಗ ಮೆಟ್ಟಿಲ ತನಕ ಹೊಗೆ. ನಮ್ಮ ಬಾಗಿಲ ಮುಂದೆ ಸೊಸೈಟಿಯ ಸೆಕ್ರೆಟರಿ ನಿಂತು ಬೆಲ್ ಒತ್ತುತ್ತಿದ್ದರು. ಒಳಗೆ ಹೋಗಿ ನೋಡಿದರೆ ಅವ್ವ ಗ್ಯಾಲರಿಯಲ್ಲಿ ಗಡಿಗೆಯ ಬಿರುಕಿಗೆ ಮೂಗು ಹಚ್ಚಿ ಕೂತಿದ್ದಳು. ಸುತ್ತ ಹೊಗೆ, ಕಣ್ಣಲ್ಲಿ ನೀರು. ನನ್ನನ್ನು ನೋಡಿ, "ಇನ್ನೂ ಬೆಂದಿಲ್ಲೋ ತಮ್ಮಾ, ವಾಸನಿನ ಬರವಲ್ದು" ಎಂದಳು. ಗಡಿಗೆಯೊಳಗೆ ಹಕ್ಕಿಗಳು ಇದ್ದಿಲಾಗಿದ್ದವು.

ಸೆಕ್ರೆಟರಿ ಬಾಗಿಲಿನಿಂದಲೇ, "ಕ್ಯಾ ಜಲಾ, ಭಾಭೀ?" ಎಂದರು. ನನ್ನ ಹೆಂಡತಿ ತಡವರಿಸದೆ, "ದೂಧ್ ಜಲ್ ಗಯಾ, ಭಾಯಿ" ಎಂದಳು. ಜನ್ಮದಲ್ಲಿ ಮಾಂಸದ ವಾಸನೆ ಅರಿಯದ ಮನುಷ್ಯ, ಹಾಲೇ ಸೀದದ್ದೆಂದು ನಂಬಿ ಹೋದರು. ಬೆಳಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ ದಿನವೆಲ್ಲ ಸುಳ್ಳಾಡದ ನನ್ನ ಹೆಂಡತಿ ಅತ್ತೆಗಾಗಿ ಆಡಿದ ಸುಳ್ಳು ಅದು. ನನಗೆ ಅವತ್ತು ಅವಳ ಮೇಲೆ ಬಂದ ಪ್ರೀತಿಯನ್ನು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಅವ್ವ ಆವತ್ತೇ ಗಡಿಗೆ ತಿಕ್ಕಿ ಅಟ್ಟದ ಮೇಲೆ ಹಾಕಿಸಿದಳು. ಒಲೆ ಬಿಟ್ಟಳು. ಒಲೆಯ ಹಿಂದೆಯೇ ಊಟವನ್ನೂ ಬಿಟ್ಟಳು. "ಬಾಯಾಗ ಮಣ್ಣ ಹಾಕ್ಕೊಂಡಂಗ ಆಗತೈತಿ" ಎಂದು ಎರಡು ತುತ್ತಿಗೆ ತಾಟು ಸರಿಸುತ್ತಿದ್ದಳು. ಕೈಬಳೆ ಮೊಣಕೈ ತನಕ ಜಾರತೊಡಗಿದವು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕಾಯಿತು. ಪರೇಲಿನ ಡಾಕ್ಟರು ರಕ್ತ ನೋಡಿ, "ಔಷಧಿ ಕೊಡುವುದು ದೊಡ್ಡ ಮಾತಲ್ಲ. ಇವರು ತಿನ್ನದಿದ್ದರೆ ಇನ್ನು ಸ್ವಲ್ಪ ದಿನದಲ್ಲಿ ಹಾಸಿಗೆ ಹಿಡಿಯುತ್ತಾರೆ, ಆಮೇಲೆ ಎಬ್ಬಿಸುವುದು ಕಷ್ಟ" ಎಂದರು.

ಪ್ರೋಟೀನ್ ಪುಡಿ ತಂದೆ, ಮೊಟ್ಟೆ ಬೇಯಿಸಿದೆ, ಹೋಟೆಲಿನಿಂದ ಕೋಳಿ ಸೂಪು ಹೊತ್ತು ತಂದೆ. ಅವ್ವ ಎಲ್ಲವನ್ನೂ ಒಂದು ಚಮಚ ನುಂಗಿ, "ಇದ ಊಟಲ್ಲಪಾ, ಡ್ಯೂಟಿ" ಎನ್ನುತ್ತಿದ್ದಳು. ಕೊನೆಗೆ ಬಟೇರ್ ತಂದು ಅವಳ ಮುಂದಿಟ್ಟೆ.

"ತಗೊಂಡ ಹೋಗಿ ತಿರಗಿ ಕೊಡು. ಯಾರ ಮೂಸಿ ಹೇಳಾಂವ್ರು?"

"ನಾ ಮೂಸ್ತೀನಿ."

ಅವ್ವ ಬಹಳ ದಿನದ ಮೇಲೆ ನಕ್ಕಳು. "ನೀನ? ತಾಟಿನಾಗ ಹಾಕಿದ್ದ ತಿನ್ನಾಂವ ನೀ. ಹಸಿ ಮಸಾಲಿಗೂ ಬೆಂದ ಮಸಾಲಿಗೂ ಫರಕ ಗೊತ್ತೇನ ನಿನಗ?"

ಗೊತ್ತಿಲ್ಲ. ಅದು ನಿಜ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ, "ನಾನು ಮೂಸಿ ಹೇಳ್ತೀನ್ರಿ ಅವ್ವಾ" ಎಂದಳು. ಅವಳ ಕನ್ನಡ ಅವ್ವನಿಂದಲೇ ಕಲಿತದ್ದು, ನಡುನಡುವೆ ಎಡವುತ್ತದೆ. "ಈ ಮನೆಯಾಗ ಎಲ್ಲಾರಕಿಂತ ಜಾಸ್ತಿ ವಾಸ್ನಿ ನನಗ ಬರತೈತಿ. ಬಾಗಿಲು ಹಾಕಿದರೂ ಬರ್ತಿತ್ತು."

ಅವ್ವ ಸೊಸೆಯ ಕಡೆ ತಿರುಗಿದಳು. "ನಿನ್ನ ನೇಮ?"

"ತಿನ್ನೂದಿಲ್ಲಲ್ಲ. ಆಮ್ಯಾಲ ಸ್ನಾನ ಮಾಡ್ತೀನಿ."

ಗಡಿಗೆ ಕೆಳಗಿಳಿಯಿತು. ಅವ್ವ ಅರೆದಳು, ಬಳಿದಳು, ಕಣಕ ಹೊಸೆದಳು. ಕೈ ಸೊರಗಿತ್ತು, ಕೆಲಸ ಮರೆತಿರಲಿಲ್ಲ. ಸಾಕಿದ ಹಕ್ಕಿ ಬೇಗ ಬೇಯುತ್ತದೆ, ಸ್ವಲ್ಪ ಮೈಮರೆತರೆ ಎಲುಬು ಬಿಟ್ಟು ಮುದ್ದೆಯಾಗುತ್ತದೆ. ಆದ್ದರಿಂದ ಉರಿಯನ್ನು ಎಷ್ಟು ಸಣ್ಣಗೆ ಮಾಡಿದಳೆಂದರೆ ಒಲೆ ಹೊತ್ತಿದೆಯೋ ಆರಿದೆಯೋ ಎಂದು ನಾನು ಬಗ್ಗಿ ನೋಡಿದೆ. ಪಕ್ಕದಲ್ಲಿ ನನ್ನ ಹೆಂಡತಿ ಮಣೆ ಹಾಕಿಕೊಂಡು ಕೂತಳು. ಅಷ್ಟು ವರ್ಷದಲ್ಲಿ ಆ ಒಲೆಯ ಹತ್ತಿರ ಅವಳು ಕೂತದ್ದು ಅದೇ ಮೊದಲು.

ಕಣಕ ಬಿರುಕು ಬಿಟ್ಟಿತು. ಅವಳು ಸೆರಗು ಬಿಗಿಹಿಡಿದು ಬಗ್ಗಿದಳು. ಮುಖ ಕಿವುಚಿದಳು.

"ಏನ ಬಂತು?" ಅವ್ವನ ಪ್ರಶ್ನೆ.

"ಹಸಿ... ಹಸಿ ಕಾಂದಾ, ಉಳ್ಳಾಗಡ್ಡಿ. ಮತ್ತ, ಹ್ಯಾಂಗ ಹೇಳ್ಲಿ, ಒದ್ದೆ ಮಣ್ಣು."

"ಅದು ಹಕ್ಕಿ. ಇನ್ನೂ ಟೈಮ್ ಐತಿ."

ಸ್ವಲ್ಪ ಹೊತ್ತಿಗೆ ಮತ್ತೆ ಬಗ್ಗಿದಳು. ಈ ಸಲ ಮುಖ ಅಷ್ಟು ಕಿವುಚಲಿಲ್ಲ. ಇನ್ನೊಂದು ಸಲ ಉಸಿರೆಳೆದುಕೊಂಡು, "ಅವ್ವಾ, ಇದು ಊಂಧಿಯೂ ಹಂಗ ಐತ್ರಿ!" ಎಂದಳು.

ಊಂಧಿಯೂ ಎಂದರೆ ಅವಳ ತವರಿನ ಚಳಿಗಾಲದ ತರಕಾರಿ ಅಡುಗೆ. ಗೆಣಸು, ಅವರೆ, ಬದನೆ, ಎಲ್ಲ ಗಡಿಗೆಗೆ ತುಂಬಿ, ಬಾಯಿಗೆ ಎಲೆ ತುರುಕಿ, ನೆಲದ ಕುಳಿಯಲ್ಲಿ ಬೋರಲು ಹಾಕಿ, ಮೇಲೆ ಬೆಂಕಿ ಮಾಡುತ್ತಿದ್ದರಂತೆ. ಅವಳ ಅಜ್ಜಿಯೂ ಗಡಿಗೆ ತೆರೆಯುವುದಕ್ಕೆ ಮೊದಲು ಬಗ್ಗಿ ಮೂಸುತ್ತಿದ್ದಳಂತೆ. ಹೇಳುತ್ತ ಹೇಳುತ್ತ ನನ್ನ ಹೆಂಡತಿಯ ಕಣ್ಣು ತುಂಬಿದವು. ಒಂದೇ ಸೂರಿನಡಿ ಇಷ್ಟು ವರ್ಷ ಇದ್ದೂ ಇಬ್ಬರೂ ಒಬ್ಬರಿಗೊಬ್ಬರು ಈ ಮಾತು ಹೇಳಿಕೊಂಡಿರಲಿಲ್ಲ. ಕೇಳಬೇಕಾದ ನಾನು ಉಣ್ಣುವುದರಲ್ಲೇ ಇದ್ದೆ.

"ನಿಮ್ಮಜ್ಜಿ ಯಾವಾಗ ಇಳಸ್ತಿದ್ದಳು?" ಎಂದು ಅವ್ವ ಕೇಳಿದಳು.

"ಖಾರದ ವಾಸ್ನಿ ಹೋಗಿ ಸಿಹಿ ವಾಸ್ನಿ ಬಂದ ಮ್ಯಾಲ."

"ಹಂಗಾರ ನಿನಗ ಎಲ್ಲಾ ಗೊತ್ತೈತಿ. ನೀನ ಹೇಳು."

ಮೂರನೆಯ ಸಲ ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ. ಆಮೇಲೆ, "ಲವಂಗ. ಆಮ್ಯಾಲ ಕೊಬ್ಬರಿ, ಸಿಹಿ. ಇಳಸ್ರಿ" ಎಂದಳು. ಅವ್ವ ಕಣಕ ಒಡೆದಳು. ಮಾಂಸ ಎಲುಬಿಗೆ ಹಿಡಿದುಕೊಂಡೇ ಇತ್ತು, ಬೆರಳು ಸೋಕಿದರೆ ಬಿಡುವಷ್ಟು ಬೆಂದಿತ್ತು. ಎಣ್ಣೆ ಕೆಂಪಗೆ ಮೇಲೆ ತೇಲುತ್ತಿತ್ತು.

"ನಿನ್ನ ಮೂಗು, ನನ್ನ ಕೈ. ಇಬ್ಬರೂ ಕೂಡಿ ಒಬ್ಬಾಕಿ ಆದಿವಿ ನೋಡು" ಎಂದು ಅವ್ವ ನಕ್ಕಳು.

ರೊಟ್ಟಿ ಮುರಿದು, ಬೆಣ್ಣೆ ಇಟ್ಟು, ತಾಟನ್ನು ಅವ್ವನ ಮುಂದಿಟ್ಟೆ. ಒಂದು ತುತ್ತು ತಿಂದಳು, ಎರಡು ತಿಂದಳು. ಮೂರನೆಯದಕ್ಕೆ ಅಗಿಯುವುದು ನಿಧಾನವಾಯಿತು. ನಕ್ಕ ಮುಖ ಬಾಡಿತು. ಬೆರಳುಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು, ಮತ್ತೊಮ್ಮೆ ಮೂಸಿದಳು. ಏನೂ ಇಲ್ಲ ಎಂಬುದು ಅವಳ ಕಣ್ಣಲ್ಲೇ ಕಂಡಿತು. ತಾಟನ್ನು ಮೆಲ್ಲಗೆ ಮುಂದೆ ಸರಿಸಿದಳು.

ಹಾಗೇ ಕೂತವಳು, ಮಗು ಕೈ ಚಾಚಿದ ಹಾಗೆ, ಆ ಎಂಜಲು ಕೈಯನ್ನು ಸೊಸೆಯ ಮುಖದ ಕಡೆ ಚಾಚಿದಳು. "ಐತೇನ?"

ಹುಟ್ಟಿದಾಗಿನಿಂದ ಮಾಂಸ ಮುಟ್ಟದ ನನ್ನ ಹೆಂಡತಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಐತ್ರಿ ಅವ್ವಾ," ಎಂದಳು. "ಭಾಳ ಐತಿ."

ಅವ್ವ ತಾಟನ್ನು ಹತ್ತಿರ ಎಳೆದುಕೊಂಡು ಉಳಿದದ್ದನ್ನೆಲ್ಲ ತಿಂದಳು.