ಇನ್ನೊಂದು ಸೌಟು

ನಮ್ಮ ಯಜಮಾನರು ಪತ್ತೇದಾರಿ ಕಾದಂಬರಿ ಬರೆಯುತ್ತಾರೆ. ಬರೆಯುವಷ್ಟು ದಿನವೂ ತಾವೇ ಆ ಪತ್ತೇದಾರ ಆಗಿಬಿಡುತ್ತಾರೆ. ಅವರ ಹಳೆಯ ನಾಯಕ ಸಿಡುಕು ಮೂತಿಯವನು, ಸಂಶಯಪಿಶಾಚಿ, ಬಾಯಲ್ಲಿ ಸದಾ ಸಿಗರೇಟು. ಹಾಗಾಗಿ ಹಾಲಿನವನು ತುಸು ತಡವಾಗಿ ಬಂದರೆ ಬಾಗಿಲಲ್ಲೇ ವಿಚಾರಣೆ, ಸಕ್ಕರೆ ಡಬ್ಬಿ ಜಾಗ ಬದಲಾದರೆ "ಯಾರೂ ಅಲ್ಲಾಡಬೇಡಿ" ಅಂತ ಅಪ್ಪಣೆ. ಅತ್ತೆಯವರ ಕನ್ನಡಕ ಕಳೆದಾಗ ಮೊದಲ ಆರೋಪಿ ಅತ್ತೆಯವರೇ. ಕೊನೆಗೆ ಪ್ರಕಾಶಕರಿಗೇ ಸಾಕಾಗಿ, "ಹೊಸಬರನ್ನ ತನ್ನಿ ಸಾರ್" ಅಂದು ಪುಣ್ಯ ಕಟ್ಟಿಕೊಂಡರು. ಹೊಸ ಕಾದಂಬರಿಯಲ್ಲಿ ಕೇಸು ಹಿಡಿಯುವವಳು ಐವತ್ತು ದಾಟಿದ ಗೃಹಿಣಿ, ಯಾರನ್ನೂ ಗದರುವುದಿಲ್ಲ. ಈಗ ಇವರು ಹಾಲಿನವನನ್ನು "ಮಕ್ಕಳು ಚೆನ್ನಾಗಿದಾರಾ" ಅಂತ ಕೇಳುತ್ತಾರೆ, ಸಕ್ಕರೆ ಡಬ್ಬಿ ತಾವೇ ಹುಡುಕಿಕೊಳ್ಳುತ್ತಾರೆ. ಮನೆಗೆ ಉಸಿರು ಬಂದಿದೆ. ನಿನ್ನೆ ಊಟಕ್ಕೆ ಕೂತು ಮೊದಲ ಅಧ್ಯಾಯ ಓದಿ ಹೇಳಿದರು: ಎದುರಿಗಿದ್ದವನು ಸುಳ್ಳು ಹೇಳುತ್ತಿದ್ದಾನೆ ಅಂತ ಗೊತ್ತಾದ ತಕ್ಷಣ ಆಕೆ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಾಳೆ. ಬಡಿಸಲು ಸೌಟು ಎತ್ತಿದ್ದ ನನ್ನ ಕೈ ಹಾಗೇ ನಿಂತಿತು. "ಸಿಗರೇಟು ಬಿಟ್ಟೆ ಕಣೇ" ಅಂತ ಇವರು ಅಂದಾಗಲೆಲ್ಲ ನಾನು ಮಾಡುತ್ತಿದ್ದದ್ದು ಅದನ್ನೇ. "ಈ ಸಲ ನಿಜವಾಗ್ಲೂ ಬಿಟ್ಟಿದೀನಿ" ಅಂದರು, ತಟ್ಟೆಗೆ ಕೈ ಅಡ್ಡ ಹಿಡಿದು. ನಾನು ಸೌಟನ್ನು ಪಾತ್ರೆಯಲ್ಲೇ ಬಿಟ್ಟೆ.