ನೆಗೆಣ್ಣಿಯ ‘ಸಾಕು’

ಬಸವಕಲ್ಯಾಣದ ನಮ್ಮ ಮನೆಗೆ ಇಬ್ಬರು ಸೊಸೆಯಂದಿರು. ನಾನು ಹಿರಿಯಳು, ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಕಿರಿಯಳು. ಈಗ ಇಬ್ಬರಿಗೂ ಮೊಮ್ಮಕ್ಕಳಿದ್ದಾರೆ. ಅವಳ ಬಂಗಾರ ಕಂಡು ನನಗೆ ಹೊಟ್ಟೆ ಉರಿಯಲಿಲ್ಲ, ಅವಳ ‘ಸಾಕು’ ಕಂಡು ಉರಿಯಿತು. ಒಂದು ರೊಟ್ಟಿ ತಿನ್ನುತ್ತಾಳೆ, ತಾಟಿನ ಮೇಲೆ ಅಂಗೈ ಅಡ್ಡ ಇಡುತ್ತಾಳೆ, ಸಾಕು ಎನ್ನುತ್ತಾಳೆ. ನಿಜವಾಗಿಯೂ ಸಾಕಾಗಿರುತ್ತದೆ! ನನಗೆ ಮೂರು ತಿಂದರೂ ಒಳಗೆ ಖಾಲಿ. ಒತ್ತಾಯ ಮಾಡಿ ಬಡಿಸುವುದು ನಮ್ಮ ಕಡೆ ರೂಢಿ. ನನಗೆ ಯಾರೂ ಒತ್ತಾಯ ಮಾಡಬೇಕಾಗಿ ಬಂದಿಲ್ಲ.

“ಯಕ್ಕಾ, ನಿಮ್ಮ ಹೊಟ್ಟಿಗಿ ತಳಾನೇ ಇಲ್ಲ ನೋಡ್ರಿ,” ಎಂದು ಒಮ್ಮೆ ಬೀಗರ ಮುಂದೆ ನಕ್ಕಳು. ಹೊಟ್ಟೆಬಾಕಿ ಎಂಬ ಹೆಸರು ಹಾಗೆ ಅಂಟಿತು.

ಕಳೆದ ಮಳೆಗಾಲದಲ್ಲಿ ಸಕ್ಕರೆ, ಬಿಪಿ ಎರಡೂ ಏರಿ ಹುಮನಾಬಾದಿನ ಡಾಕ್ಟರಮ್ಮನ ಹತ್ತಿರ ಹೋದೆ. ಜೊತೆಗೆ ಬಂದವಳು ಅವಳೇ. ಡಾಕ್ಟರಮ್ಮ ನನ್ನ ನಡುವಿಗೆ ಟೇಪು ಸುತ್ತುವಾಗ ನಾನು ನೆಗೆಣ್ಣಿಯ ನಡುವನ್ನೇ ನೋಡುತ್ತಿದ್ದೆ.

“ಅಮ್ಮಾ, ಮೈಯಾಗಿನ ಕೊಬ್ಬು ‘ಸಾಕು’ ಅಂತ ತಲಿಗಿ ಸುದ್ದಿ ಕಳಸ್ತದ,” ಎಂದರು ಡಾಕ್ಟರಮ್ಮ. “ಆ ಸುದ್ದಿ ಹಿಡಿಲಾಕ ಜೀವಕೋಶದ ಮ್ಯಾಲ ರಿಸೆಪ್ಟರ್ ಅಂತ ಇರ್ತಾವ. ನಿಮ್ಮ ಮೈ ಸುದ್ದಿ ಕಳಸಾಕತ್ತದ, ಅವು ಸರಿಯಾಗಿ ಹಿಡಿಯವಲ್ಲವು. ಸಕ್ಕರಿ ಇಳಸೋ ಇನ್ಸುಲಿನ್ ಸುದ್ದಿದೂ ಹಂಗೇ. ಅದಕ್ಕ ನಡು, ಸಕ್ಕರಿ, ಬಿಪಿ ಕೂಡೇ ಏರ್ಯಾವ.”

“ಅಂದ್ರ ನಾ ಹೊಟ್ಟಿಬಾಕಿ ಅಲ್ಲೇನ್ರಿ?”

“ಅಲ್ಲಮ್ಮಾ. ಆದ್ರ ಹಸಿವಿನ ಮಾತ ಕೇಳಬ್ಯಾಡ್ರಿ, ಅಳತಿಲೇ ಉಣ್ರಿ.”

“ಕೇಳಿದೇನವ್ವಾ?” ಎಂದು ನೆಗೆಣ್ಣಿ ಕಡೆ ತಿರುಗಿದೆ. ಅವಳು ಔಷಧಿ ಚೀಟಿ ಮಡಚಿ ಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಬಂದಳು. ಹೆಸರು ಇಟ್ಟವಳು ಅವಳು, ನಾಲ್ಕು ಜನರ ಮುಂದೆ ಅವಳೇ ತೆಗೆಯಬೇಕು. ನನಗೆ ಬೇಕಾದದ್ದು ಅಷ್ಟೇ.

ಎಳ್ಳಮಾವಾಸ್ಯೆಗೆ ಮುಡಬಿ ದಾರಿಯ ಹೊಲದಲ್ಲಿ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕುಳಿತೆವು. ಬೀಗರೂ ಇದ್ದರು. ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಮುಗಿದು ನನ್ನ ಸೊಸೆ ಎರಡನೇ ಹೋಳಿಗೆ ತಂದಳು. ನಾನು ತಾಟು ಮುಂದಕ್ಕೆ ಸರಿಸಿದೆ. ಬದಿಗೆ ಕುಳಿತಿದ್ದ ನೆಗೆಣ್ಣಿಯ ಅಂಗೈ ನನ್ನ ತಾಟಿಗೆ ಅಡ್ಡ ಬಂತು. ಹೋಳಿಗೆ ಆ ಕೈ ಮೇಲೆಯೇ ಬಿತ್ತು, ತುಪ್ಪ ಬಳೆಗೆ ಇಳಿಯಿತು.

“ನಮ್ಮಕ್ಕ ಹೊಟ್ಟಿಬಾಕಿ ಅಲ್ರಿ,” ಎಂದಳು ಬೀಗರಿಗೆ. “ಅಕಿ ಮೈ ಸಾಕು ಅಂದಿದ್ದು ಅಕಿಗಿ ಕೇಳವಲ್ದು. ಅದಕ್ಕ ನಾ ಹೇಳಾಕತ್ತೇನಿ.”

ಹೆಸರು ಹೋಯಿತು. ನಾನು ಎರಡನೆಯದು ತಿನ್ನಲಿಲ್ಲ. ಅವಳು ಕೈ ತೊಳೆಯಲು ಎದ್ದು ಹೋದಳು, ಹೊಟ್ಟೆ ತುಂಬಿದವಳ ಹಗುರ ನಡಿಗೆ. ನನಗಿನ್ನೂ ಹಸಿವಿತ್ತು. ನನ್ನ ತಾಟಿನ ‘ಸಾಕು’ ಕೂಡ ಅವಳ ಕೈಯಿಂದಲೇ ಬರಬೇಕಾಯಿತಲ್ಲ ಎಂದು ಅವಳ ಬೆನ್ನನ್ನೇ ನೋಡುತ್ತ ಕುಳಿತೆ.